ನಿಪ್ಪಲ್ ಕುದಿಸಲು ಹೆದರಬೇಡಿ

ಮಳೆಗಾಲ ಹಿಡಿದ ಹೊಸತರಲ್ಲಿ ಏಳು ತಿಂಗಳ ಮಗುವೊಂದನ್ನು ನನ್ನ ದವಾಖಾನೆಗೆ ಎತ್ತಿಕೊಂಡು ಬಂದರು. ಎರಡು ದಿನದಿಂದ ಭೇದಿ. ಕಣ್ಣು ಗುಳಿ ಬಿದ್ದಿತ್ತು, ನಾಲಗೆ ಒಣಗಿತ್ತು, ಅತ್ತರೂ ಕಣ್ಣೀರು ಬರುತ್ತಿರಲಿಲ್ಲ. ಇಂತಹ ಮಗು ಬಂದಾಗ ನಾನು ನಬ್ಝ್ ಹಿಡಿದು ಕೂರುವುದಿಲ್ಲ. ಓಆರ್‌ಎಸ್ ಕಲಸಿ ಚಮಚದಲ್ಲಿ ಕುಡಿಸುತ್ತಲೇ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರ ಬಳಿ ಕಳುಹಿಸಿದೆ. ಮೂರು ದಿನ ಅಲ್ಲಿದ್ದು, ಅಲ್‌ಹಮ್ದುಲಿಲ್ಲಾಹ್, ಮಗು ಚೇತರಿಸಿಕೊಂಡಿತು.

ಮುಂದಿನ ವಾರ ತಾಯಿಯೂ ಅತ್ತೆಯೂ ಮಗುವನ್ನು ತೋರಿಸಲು ಬಂದಾಗ, ಬಾಟಲಿಯನ್ನು ಹೇಗೆ ತೊಳೆಯುತ್ತೀ ಎಂದು ಕೇಳಿದೆ. "ಬಿಸಿ ನೀರು ಹಾಕಿ ತೊಳೆಯುತ್ತೇನೆ ಡಾಕ್ಟ್ರೇ. ಕುದಿಸುವುದಿಲ್ಲ. ನಿಪ್ಪಲ್ ಸಿಲಿಕೋನಿನದ್ದಲ್ಲವಾ, ಕುದಿಸಿದರೆ ವಿಷ ಬಿಡುತ್ತದಂತೆ" ಎಂದಳು. ಯಾರು ಹೇಳಿದರು? ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದಿತ್ತಂತೆ. ಮೊದಲು ಕುದಿಸುತ್ತಿದ್ದವಳು ಆ ಸಂದೇಶ ಓದಿದ ಮೇಲೆ ನಿಲ್ಲಿಸಿದ್ದಾಳೆ. ಮಗುವಿನ ಮೇಲಿನ ಪ್ರೀತಿಯಿಂದಲೇ ನಿಲ್ಲಿಸಿದ್ದಾಳೆ. ಅತ್ತೆ ಪಕ್ಕದಲ್ಲಿ ತಲೆಯಾಡಿಸುತ್ತಿದ್ದರು, ಆ ಸಂದೇಶವನ್ನು ಕಳುಹಿಸಿದ್ದು ಅವರ ತಂಗಿ.

ಈ ಬರಹ ಆ ಸಂದೇಶಕ್ಕೆ ಉತ್ತರ. ಭೇದಿಗೆ ಅದೊಂದೇ ಕಾರಣವೆಂದು ನಾನು ಆಣೆ ಹಾಕಿ ಹೇಳಲಾರೆ. ಆದರೆ ಹಾಲಿನ ಜಿಡ್ಡು ಉಳಿದ ನಿಪ್ಪಲ್, ಮಳೆಗಾಲದ ಬಾವಿ ನೀರು, ಏಳು ತಿಂಗಳ ಕರುಳು, ಈ ಮೂರೂ ಸೇರಿದಲ್ಲಿ ನಾನು ಬೇರೆ ಕಾರಣ ಹುಡುಕಲು ಹೋಗುವುದಿಲ್ಲ. ಇಲ್ಲದ ವಿಷಕ್ಕೆ ಹೆದರಿ ಇರುವ ರೋಗಾಣುವಿಗೆ ನಾವು ಬಾಗಿಲು ತೆರೆಯುತ್ತಿದ್ದೇವೆ ಎಂಬುದು ನನ್ನ ದೂರು.

ಮೊದಲು ಈ ವಸ್ತು ಏನೆಂದು ತಿಳಿಯೋಣ. ನಾನು ಯುನಾನಿ ಓದಿದವಳು, ರಸಾಯನ ಶಾಸ್ತ್ರದ ಪಂಡಿತೆಯಲ್ಲ. ಆದರೂ ಇಷ್ಟನ್ನು ಸರಳವಾಗಿ ಹೇಳಬಹುದು. ಸಿಲಿಕಾನ್ ಎಂಬುದು ಒಂದು ಮೂಲಧಾತು, ಮರಳಿನಲ್ಲಿ ಇರುವುದು ಅದೇ. ಮರಳಿನಿಂದ ಆ ಧಾತುವನ್ನು ತೆಗೆದು, ಕಾರ್ಖಾನೆಯಲ್ಲಿ ಬೇರೆ ರಾಸಾಯನಿಕಗಳ ಜೊತೆ ಸೇರಿಸಿ ಮಾಡುವ ರಬ್ಬರಿನಂಥ ವಸ್ತುವೇ ಸಿಲಿಕೋನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಪಾಠ ಹೇಳುತ್ತಿದ್ದ ಫ್ರೆಡರಿಕ್ ಕಿಪ್ಪಿಂಗ್ ಎಂಬವರು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇದಕ್ಕೆ ಆ ಹೆಸರಿಟ್ಟರು. ಅವರಿಗೆ ಅದರಿಂದ ದೊಡ್ಡ ಉಪಯೋಗವೇನೂ ಕಾಣಿಸಿರಲಿಲ್ಲ. 1940ರಲ್ಲಿ ಅಮೆರಿಕದ ಯೂಜಿನ್ ರೋಕೋ ಇದನ್ನು ಹೆಚ್ಚು ಪ್ರಮಾಣದಲ್ಲಿ ತಯಾರಿಸುವ ದಾರಿ ಕಂಡುಹಿಡಿದ ಮೇಲೆ ಅದು ವಿಮಾನದಿಂದ ಹಿಡಿದು ಅಡುಗೆಮನೆಯವರೆಗೆ ಬಂತು.

ಸಾಮಾನ್ಯ ಪ್ಲಾಸ್ಟಿಕ್ಕಿನ ಬೆನ್ನೆಲುಬು ಇಂಗಾಲದ ಸರಪಳಿ. ಸಿಲಿಕೋನಿನದ್ದು ಸಿಲಿಕಾನ್ ಮತ್ತು ಆಮ್ಲಜನಕದ ಸರಪಳಿ. ಈ ಕೊಂಡಿ ಗಟ್ಟಿ, ಹಾಗಾಗಿ ಶಾಖಕ್ಕೆ ಬೇಗ ಜಗ್ಗುವುದಿಲ್ಲ. ಒಳ್ಳೆಯ ಅಡುಗೆ ಸಿಲಿಕೋನ್ 200 ಡಿಗ್ರಿ ಸೆಲ್ಸಿಯಸ್ ಶಾಖವನ್ನು ತಾಳುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅಂದರೆ ನೀವು ನಿಪ್ಪಲನ್ನು ಕುದಿಸುವಾಗ ಅದು ತನ್ನ ತಾಳಿಕೆಯ ಅರ್ಧವನ್ನು ದಾಟಿರುವುದಿಲ್ಲ. ಮೃದುಗೊಳಿಸಲು ಪ್ಲಾಸ್ಟಿಕ್ಕಿಗೆ ಬೆರೆಸುವ ಥಾಲೇಟ್ ಇದಕ್ಕೆ ಬೇಕಿಲ್ಲ, ಬಿಸ್ಫಿನಾಲ್-ಎ ಇದರಲ್ಲಿ ಇರುವುದಿಲ್ಲ. ನಮ್ಮ ದೇಶದಲ್ಲಿ ಬಿಸ್ಫಿನಾಲ್-ಎ ಇರುವ ಪಾಲಿಕಾರ್ಬೊನೇಟ್ ಹಾಲಿನ ಬಾಟಲಿಗಳಿಗೆ ಮಾನಕ ಸಂಸ್ಥೆ 2015ರಲ್ಲೇ ಅವಕಾಶ ತೆಗೆದುಹಾಕಿದೆ. ಸಂದೇಶ ಬರೆದವರು ಬಾಟಲಿಯ ದೋಷವನ್ನು ನಿಪ್ಪಲ್ಲಿನ ತಲೆಗೆ ಕಟ್ಟಿದ್ದಾರೆ ಎಂದು ನನ್ನ ಊಹೆ.

ಅತ್ತೆಗೆ ಇದೆಲ್ಲ ಒಪ್ಪಿಗೆಯಾಗಲಿಲ್ಲ. "ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ ಡಾಕ್ಟ್ರೇ" ಎಂದರು. ನಾನು ಹಳೆಯ ನಿಪ್ಪಲ್ಲಿನ ಅಂಚನ್ನು ಉಗುರಿನಷ್ಟು ಕತ್ತರಿಸಿ, ಅಂಗಳಕ್ಕೆ ಹೋಗಿ, ಚಿಮಟದಲ್ಲಿ ಹಿಡಿದು ಬೆಂಕಿ ಹಚ್ಚಿದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಚೂರನ್ನೂ ಸುಟ್ಟೆ. ಪ್ಲಾಸ್ಟಿಕ್ ಕರಗಿ ತೊಟ್ಟಿಕ್ಕಿ ಕಪ್ಪಾಯಿತು. ಸಿಲಿಕೋನ್ ತೊಟ್ಟಿಕ್ಕದೆ ಉರಿದು ಬಿಳಿ ಬೂದಿಯಾಯಿತು. ಆ ಬೂದಿ ಮರಳಿನ ವಂಶದ್ದೇ, ಸಿಲಿಕಾ. ಅವರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು, ಏನೂ ಹೇಳಲಿಲ್ಲ. ನೀವು ಮನೆಯಲ್ಲಿ ಮಕ್ಕಳ ಮುಂದೆ ಇದನ್ನು ಮಾಡಬೇಡಿ.

ಇನ್ನೊಂದು ವಿಷಯ ಹೇಳಿದರೆ ಹಲವರು ಹುಬ್ಬೇರಿಸುತ್ತಾರೆ. ಹೊಟ್ಟೆಯ ವಾಯುವಿಗೆಂದು ಕೊಡುವ ಮಾತ್ರೆಗಳಲ್ಲಿ, ಎಳೆ ಮಕ್ಕಳಿಗೆ ಹಾಕುವ ಗ್ಯಾಸ್ ಡ್ರಾಪ್ಸ್‌ನಲ್ಲಿ ಸಿಮೆಥಿಕೋನ್ ಎಂಬ ಹೆಸರು ನೋಡಿದ್ದೀರಲ್ಲ, ಅದು ಸಿಲಿಕೋನ್ ಎಣ್ಣೆ ಮತ್ತು ಸಿಲಿಕಾದ ಮಿಶ್ರಣ. ಕರುಳು ಅದನ್ನು ಹೀರಿಕೊಳ್ಳುವುದಿಲ್ಲ, ಬಂದ ದಾರಿಯಲ್ಲೇ ಹೊರಟುಹೋಗುತ್ತದೆ. ಮಗುವಿನ ಅಳು ಅದರಿಂದ ನಿಲ್ಲುತ್ತದೆಯೇ ಎಂಬ ಬಗ್ಗೆ ನನಗೆ ಅನುಮಾನವಿದೆ, ಅದು ಬೇರೆ ಮಾತು. ಕರಿಯುವ ಎಣ್ಣೆ ನೊರೆ ಕಟ್ಟದಂತೆ ಬೆರೆಸಲು ಅನುಮತಿ ಇರುವ ವಸ್ತುವೂ ಇದೇ ಜಾತಿಯದು, ಕಿಲೋ ಎಣ್ಣೆಗೆ 10 ಮಿಲಿಗ್ರಾಂ ಮಿತಿಯಲ್ಲಿ. ನೇರವಾಗಿ ಹೊಟ್ಟೆಗೆ ಹೋಗಲು ಬಿಟ್ಟಿರುವ ವಸ್ತು ಕುದಿನೀರಿನಲ್ಲಿ ಹತ್ತು ನಿಮಿಷ ಮಲಗಿದ್ದರೆ ವಿಷವಾಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ.

ಹಾಗಾದರೆ ಸಿಲಿಕೋನಿನ ಬಗ್ಗೆ ಭಯ ಎಲ್ಲಿಂದ ಬಂತು? ಬಹುಪಾಲು ಸ್ತನದ ಇಂಪ್ಲಾಂಟ್‌ಗಳ ಸುದ್ದಿಯಿಂದ. ಫ್ರಾನ್ಸಿನ ಪಿಐಪಿ ಎಂಬ ಕಂಪನಿ ವೈದ್ಯಕೀಯ ದರ್ಜೆಯ ಸಿಲಿಕೋನ್ ಎಂದು ಹೇಳಿ, ಅಗ್ಗದ ಕೈಗಾರಿಕಾ ಸಿಲಿಕೋನನ್ನು ತುಂಬಿ ಮಾರಿತು. 2010ರಲ್ಲಿ ಅದು ಬಯಲಾಯಿತು, 2013ರಲ್ಲಿ ಅದರ ಸ್ಥಾಪಕನಿಗೆ ನ್ಯಾಯಾಲಯ ನಾಲ್ಕು ವರ್ಷ ಸೆರೆವಾಸ ವಿಧಿಸಿತು. ಆ ಮೋಸದಿಂದ ನಾವು ಕಲಿಯಬೇಕಾದ ಪಾಠ ಸಿಲಿಕೋನ್ ವಿಷ ಎಂಬುದಲ್ಲ. ಒಂದೇ ಹೆಸರಿನ ಕೆಳಗೆ ದೇಹಕ್ಕೆ ಯೋಗ್ಯವಾದದ್ದೂ ಇದೆ, ಗೋಡೆಯ ಬಿರುಕಿಗೆ ಯೋಗ್ಯವಾದದ್ದೂ ಇದೆ. ಈ ವ್ಯತ್ಯಾಸವನ್ನು ನಮ್ಮ ಮನೆಗಳಲ್ಲಿ ಯಾರೂ ಗಮನಿಸುತ್ತಿಲ್ಲ. ನನಗೆ ನಿಜವಾಗಿ ಹೆದರಿಕೆ ಇರುವುದು ಅಲ್ಲಿ.

ಒಂದು ಮನೆಯಲ್ಲಿ ಕುಡಿಯುವ ನೀರಿನ ಫಿಲ್ಟರ್ ಸೋರುತ್ತಿತ್ತು. ಮನೆಯ ಯಜಮಾನರು ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕೋನ್ ಸೀಲಂಟಿನ ಟ್ಯೂಬ್ ತಂದು ಒಳಗಿನಿಂದ ಮೆತ್ತಿದ್ದರು. ಅದೇ ಟ್ಯೂಬಿನಿಂದ ಮಿಕ್ಸಿ ಜಾರಿನ ತಳವನ್ನೂ ಸರಿಪಡಿಸಿದ್ದರು. ಬಚ್ಚಲುಮನೆಗೆಂದು ಮಾರುವ ಇಂತಹ ಸೀಲಂಟ್‌ಗಳಲ್ಲಿ ಬೂಸ್ಟು ಹಿಡಿಯದಿರಲೆಂದು ಶಿಲೀಂಧ್ರನಾಶಕ ಬೆರೆಸಿರುತ್ತಾರೆ. ಮೀನು ಸಾಕುವವರಿಗೆ ಇದು ಗೊತ್ತು, ಅವರು ಗಾಜಿನ ತೊಟ್ಟಿಗೆ ಅದನ್ನು ಹಚ್ಚುವುದಿಲ್ಲ, ಹಚ್ಚಿದರೆ ಮೀನು ಸಾಯುತ್ತದೆ. ಮೀನಿಗೆ ಆಗದ್ದನ್ನು ನಾವು ಕುಡಿಯುವ ನೀರಿಗೆ ಮೆತ್ತುತ್ತೇವೆ. ವಿನೆಗರಿನಂತೆ ಘಾಟು ಹೊಡೆಯುವ ಸೀಲಂಟ್ ಒಣಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಅಸ್ತಮಾ ಇರುವವರು ಆ ಕೋಣೆಯಿಂದ ದೂರವಿರಬೇಕು, ಕಿಟಕಿ ತೆರೆದಿಡಬೇಕು. ಬಚ್ಚಲಿಗೆ, ವುಝೂ ಮಾಡುವ ಕಟ್ಟೆಯ ಸಂದಿಗೆ, ಸಿಂಕಿನ ಅಂಚಿಗೆ ಧಾರಾಳವಾಗಿ ಬಳಸಿ. ಆಹಾರ ಮತ್ತು ಕುಡಿಯುವ ನೀರು ತಾಗುವಲ್ಲಿ ಬೇಡ. ಫಿಲ್ಟರಿನ ವಾಷರ್ ಹೋದರೆ ಅದೇ ಅಳತೆಯ ವಾಷರ್ ತಂದು ಹಾಕಿ.

ಹಳೆಯ ಕಾಲದವರಿಗೆ ಈ ವಿವೇಕವಿತ್ತು. ನಿಕಾಹ್‌ನ ಬಿರಿಯಾನಿಗೆ ಇಳಿಸುವ ತಾಮ್ರದ ದೇಗ್‌ಗಳನ್ನು ನೆನಪಿಸಿಕೊಳ್ಳಿ. ತಾಮ್ರ ವಿಷ ಎಂದು ಅಜ್ಜಿಯಂದಿರು ದೇಗ್ ಎಸೆಯಲಿಲ್ಲ, ತಾಮ್ರ ಪವಿತ್ರ ಎಂದು ಹಾಗೇ ಮೊಸರು, ಹುಣಸೆಹುಳಿ ಹಾಕಿ ಬೇಯಿಸಲೂ ಇಲ್ಲ. ತಿದಿ ಹೊತ್ತು ಬರುತ್ತಿದ್ದ ಕಲಾಯಿಯವನನ್ನು ಕರೆದು, ನವಸಾಗರ ಉಜ್ಜಿಸಿ, ತವರದ ಕಲಾಯಿ ಹಾಕಿಸಿಕೊಂಡು ಬಳಸಿದರು. ಕಲಾಯಿ ಸವೆದರೆ ದೇಗ್ ಅಟ್ಟಕ್ಕೆ. ಯಾವ ಪಾತ್ರೆ, ಯಾವ ಆಹಾರ, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಕೇಳುವುದು ಅವರಿಗೆ ರೂಢಿಯಾಗಿತ್ತು. ಸಿಲಿಕೋನಿಗೂ ಅದೇ ನಾಲ್ಕು ಪ್ರಶ್ನೆ.

ಕೊಲ್ಲಿಯಿಂದ ಬರುವ ಪಾರ್ಸೆಲ್‌ಗಳಲ್ಲಿ ಈಗ ಖರ್ಜೂರ, ಅತ್ತರಿನ ಜೊತೆ ಸಿಲಿಕೋನಿನ ಕೇಕ್ ಅಚ್ಚುಗಳೂ ಇರುತ್ತವೆ. ಈ ಅಚ್ಚುಗಳ ವಿಷಯದಲ್ಲಿ ನಾನು ನಿಪ್ಪಲ್ಲಿನಷ್ಟು ಉದಾರಿಯಲ್ಲ, ಕಾರಣ ಹೇಳುತ್ತೇನೆ. ಸಿಲಿಕೋನ್ ತಯಾರಾಗುವಾಗ ಉದ್ದ ಸರಪಳಿಗೆ ಸೇರದೆ ಉಳಿದ ಚಿಕ್ಕ ಉಂಗುರದಂಥ ಅಣುಗಳು ಒಳಗೆ ಉಳಿದುಕೊಳ್ಳುತ್ತವೆ. ಡಿ4, ಡಿ5, ಡಿ6 ಎಂದು ಅವುಗಳನ್ನು ಕರೆಯುತ್ತಾರೆ. ನೀರಿಗೆ ಅವು ಅಷ್ಟಾಗಿ ಇಳಿಯುವುದಿಲ್ಲ. ಎಣ್ಣೆ, ಬೆಣ್ಣೆಗೆ, ಅದೂ ಜೋರು ಶಾಖದಲ್ಲಿ, ಇಳಿಯುತ್ತವೆ. ಯುರೋಪಿನ ಒಕ್ಕೂಟ 2018ರಲ್ಲಿ ಈ ಮೂರನ್ನೂ ಅತಿ ಕಳವಳದ ವಸ್ತುಗಳ ಪಟ್ಟಿಗೆ ಸೇರಿಸಿತು, 2020ರಿಂದ ತೊಳೆದುಹೋಗುವ ಶಾಂಪೂ, ಸೋಪಿನಂಥ ಸೌಂದರ್ಯ ಸಾಧನಗಳಲ್ಲಿ ಡಿ4, ಡಿ5ಗಳನ್ನು ಶೇಕಡಾ 0.1ಕ್ಕೆ ಮಿತಿಗೊಳಿಸಿತು. ಮುಖ್ಯ ಕಾರಣ ಅವು ನೀರು ಮಣ್ಣಿನಲ್ಲಿ ಬಹುಕಾಲ ಉಳಿಯುತ್ತವೆ ಎಂಬುದು. ಡಿ4 ಸಂತಾನಶಕ್ತಿಗೆ ತೊಂದರೆ ಮಾಡಬಹುದೆಂಬ ಸಂಶಯವೂ ಇದೆ. ಆದ್ದರಿಂದ ಒಳ್ಳೆಯ ತಯಾರಕರು ಅಚ್ಚನ್ನು ಮಾರುವ ಮೊದಲೇ 200 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಿಸಿ ಈ ಉಳಿಕೆಯನ್ನು ಓಡಿಸುತ್ತಾರೆ. ಅಗ್ಗದವರು ಆ ವಿದ್ಯುತ್ ಬಿಲ್ಲನ್ನು ಉಳಿಸುತ್ತಾರೆ.

ಹೀಗಾಗಿ ಅಚ್ಚು ಕೊಳ್ಳುವಾಗ ಮೂಸಿ ನೋಡಿ. ಘಾಟು ಬಂದರೆ ಬಿಡಿ. ತಯಾರಕರ ಹೆಸರಿಲ್ಲದ, ತಾಪದ ಮಿತಿ ಬರೆದಿರದ, ಲೋಟ ಮತ್ತು ಫೋರ್ಕಿನ ಗುರುತಿಲ್ಲದ ಮಾಲು ಎಷ್ಟೇ ಚೆಂದದ ಬಣ್ಣವಿದ್ದರೂ ಬೇಡ. ತಿರುಚಿ ನೋಡಿ ಬಿಳಿಯಾದರೆ ಕಲಬೆರಕೆ ಎಂದು ಹೇಳುವುದುಂಟು, ಆ ಪರೀಕ್ಷೆಯೊಂದನ್ನೇ ನಂಬಿ ಕೂರಬೇಡಿ. ಹೊಸ ಅಚ್ಚನ್ನು ತೊಳೆದು, ಬರೆದಿರುವ ಮಿತಿಯೊಳಗೆ, ಕಿಟಕಿ ತೆರೆದಿಟ್ಟು, ಒಂದೆರಡು ಸಲ ಖಾಲಿಯಾಗಿ ಓವನ್ನಿನಲ್ಲಿ ಕಾಯಿಸಿ. ಓವನ್ ಇಲ್ಲದವರು ಕುಕ್ಕರಿನಲ್ಲಿ ಉಪ್ಪು ಹರಡಿ ಕೇಕ್ ಮಾಡುತ್ತಾರೆ. ಅಲ್ಲಿ ತಾಪ ಎಷ್ಟಿದೆಯೆಂದು ಯಾರಿಗೂ ಗೊತ್ತಾಗುವುದಿಲ್ಲ. ಆ ವಿಧಾನಕ್ಕೆ ಅಲ್ಯೂಮಿನಿಯಂ ಅಥವಾ ಸ್ಟೀಲ್ ಡಬ್ಬಿಯೇ ಸರಿ. ಇಡ್ಲಿಯಂತೆ ಹಬೆಯಲ್ಲಿ ಬೇಯಿಸುವುದಕ್ಕೆ ಸಿಲಿಕೋನ್ ಅಚ್ಚು ಬಳಸಲು ಯಾವ ಅಡ್ಡಿಯೂ ಇಲ್ಲ.

ಮಗುಚುವ ಸಿಲಿಕೋನ್ ಸೌಟು ನಾನ್‌ಸ್ಟಿಕ್ ಬಾಣಲೆಗೆ ಒಳ್ಳೆಯದು, ಗೀರು ಬೀಳುವುದಿಲ್ಲ. ಆದರೆ ರಮಝಾನ್‌ನಲ್ಲಿ ಇಫ್ತಾರ್‌ನ ಗಡಿಬಿಡಿಯಲ್ಲಿ ಸಮೋಸ ಕರಿಯುತ್ತ ಸೌಟನ್ನು ಬಾಣಲೆಯ ಅಂಚಿಗೆ ಒರಗಿಸಿಟ್ಟು ಅಝಾನ್ ಎಂದು ಓಡುತ್ತೇವಲ್ಲ, ಅದು ತಪ್ಪು. ಕರಿಯುವ ಎಣ್ಣೆ 180 ಡಿಗ್ರಿ ಇರಬಹುದು, ಬಾಣಲೆಯ ಅಂಚು, ಕಾದ ಕಾವಲಿ ಅದಕ್ಕಿಂತ ಬಹಳ ಹೆಚ್ಚು ಬಿಸಿ ಇರುತ್ತವೆ. ಸುಟ್ಟ, ಅಂಟಂಟಾದ, ಚೂರು ಏಳುವ ಸೌಟನ್ನು ಬಿಸಾಡಿ. ಇನ್ನೊಂದು, ಸಿಲಿಕೋನ್ ಜಿಡ್ಡನ್ನೂ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಬಂಗುಡೆ ಸಾರು ಮಾಡಿದ ಕುಕ್ಕರಿನ ಬಿಳಿ ಗ್ಯಾಸ್ಕೆಟ್ ಮರುದಿನ ಪಾಯಸಕ್ಕೂ ಬಂಗುಡೆಯ ಪರಿಮಳ ಕೊಡುವುದು ಇದರಿಂದಲೇ. ವಿಷವಲ್ಲ, ಆದರೆ ಹಳೆಯ ಜಿಡ್ಡು ಕಮಟು ಹಿಡಿಯುತ್ತದೆ. ಬಿಸಿ ನೀರಿಗೆ ಅಡುಗೆ ಸೋಡ ಹಾಕಿ ನೆನೆಸಿ ಉಜ್ಜಿ. ಗಟ್ಟಿಯಾದ, ಬಿರುಕು ಬಿಟ್ಟ ಗ್ಯಾಸ್ಕೆಟ್ ಬದಲಿಸಲು ಜುಗ್ಗತನ ಬೇಡ.

ಕೇಳಲು ಸಂಕೋಚಪಡುವ ಸಹೋದರಿಯರಿಗಾಗಿ ಮುಟ್ಟಿನ ಕಪ್ಪಿನ ಬಗ್ಗೆ ನಾಲ್ಕು ಮಾತು. ವೈದ್ಯಕೀಯ ದರ್ಜೆಯ ಸಿಲಿಕೋನಿನ ಕಪ್ ಸುರಕ್ಷಿತ. ಪ್ರತಿ ತಿಂಗಳು ಬಳಸುವ ಮೊದಲು ಐದು ನಿಮಿಷ ಕುದಿಸಿ, ಕೈಯನ್ನು ಸೋಪಿನಿಂದ ತೊಳೆದೇ ಮುಟ್ಟಿ, 12 ಗಂಟೆ ಮೀರಿ ಒಳಗೆ ಬಿಡಬೇಡಿ. ಕಾಪರ್-ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಬಳಸಬೇಕು, ಕಪ್ ತೆಗೆಯುವಾಗ ಅದು ಜಾರುವ ಸಾಧ್ಯತೆ ಇದೆ. ಜ್ವರ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ಕಪ್ ತೆಗೆದು ಕೂಡಲೇ ಆಸ್ಪತ್ರೆಗೆ ಹೋಗಿ. ಅಪರೂಪ, ಆದರೆ ತಡ ಮಾಡುವಂಥದ್ದಲ್ಲ. ಕೂದಲಿನ ಸೀರಂನಲ್ಲಿರುವ ಡೈಮೆಥಿಕೋನ್ ಹಚ್ಚಿಕೊಂಡರೆ ವುಝೂ, ಗುಸುಲ್‌ನ ನೀರು ತಾಗುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದ್ದಳು. ಅದು ನೀರನ್ನು ಒಲ್ಲದ ತೆಳು ಪದರ, ತಲೆಗೆ ಅಪಾಯವಿಲ್ಲ. ಇಷ್ಟು ನಾನು ಹೇಳಬಲ್ಲೆ, ಉಳಿದದ್ದನ್ನು ಉಲಮಾಗಳ ಬಳಿ ಕೇಳಿ.

ಸಿಲಿಕೋನಿಗೆ ಹೆದರುವ ನಮ್ಮ ಮನೆಗಳಲ್ಲಿ ಇನ್ನೊಂದು ವಿಚಿತ್ರ ನೋಡುತ್ತೇನೆ. ಹೊಟೇಲಿನಿಂದ ಕುದಿಯುವ ಸಾರನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರುತ್ತೇವೆ. ಮಜ್ಲಿಸ್‌ಗಳಲ್ಲಿ ಬಿಸಿ ಚಹಾವನ್ನು ಕಾಗದದ ಲೋಟದಲ್ಲಿ ಕೊಡುತ್ತೇವೆ, ಅದರ ಒಳಮೈಗೆ ಪ್ಲಾಸ್ಟಿಕ್ ಪದರವಿದೆ. ಖರಗ್‌ಪುರದ ಐಐಟಿಯವರು ಅಂತಹ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ನೀರನ್ನು 15 ನಿಮಿಷ ಇಟ್ಟು ನೋಡಿದಾಗ ಸುಮಾರು 25,000 ಪ್ಲಾಸ್ಟಿಕ್ ಕಣಗಳು ಸಿಕ್ಕವು. ಆ ಸಂದೇಶವನ್ನು ಹಂಚಿದ ಚಿಕ್ಕಮ್ಮನ ಮನೆಗೆ ನಾನು ಹೋಗಿದ್ದಾಗ ಚಹಾ ಬಂದದ್ದೂ ಕಾಗದದ ಲೋಟದಲ್ಲೇ. ಕುಡಿದೆ, ಏನು ಮಾಡಲಿ.

ಮತ್ತೆ ಮಗುವಿನ ಬಳಿಗೆ ಬರುತ್ತೇನೆ. ನಿಪ್ಪಲ್ ಸುರಕ್ಷಿತ ಎಂದು ಇಷ್ಟೆಲ್ಲ ವಾದಿಸಿದವಳು ಬಾಟಲಿ ಹಾಲು ಕೊಡಿ ಎನ್ನುತ್ತಿದ್ದೇನೆ ಎಂದು ತಿಳಿಯಬೇಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆಮೇಲೆ ಮೇಲಾಹಾರದ ಜೊತೆ ಎರಡು ವರ್ಷದವರೆಗೆ ಎದೆಹಾಲು. ಈ ಎರಡು ವರ್ಷದ ಮಾತು ಕುರ್‌ಆನ್ ಓದುವ ಮನೆಗಳಿಗೆ ಹೊಸದಲ್ಲ. ಬಾಟಲಿಯ ಜಾಹೀರಾತನ್ನು ನಮ್ಮ ದೇಶ 1992ರ ಕಾನೂನಿನಲ್ಲಿ ನಿಷೇಧಿಸಿರುವುದು ಸುಮ್ಮನೆ ಅಲ್ಲ. ಹೊರಗಿನ ಹಾಲು ಕೊಡಲೇಬೇಕಾದ ಸಂದರ್ಭ ಬಂದರೆ ನನ್ನ ಮೊದಲ ಆಯ್ಕೆ ಒಳಲೆ. ಹೌದು, ಅಜ್ಜಿಯ ಕಾಲದ ಮೂತಿಯಿರುವ ಒಳಲೆಯೇ, ಸ್ಟೀಲಿನದ್ದು. ಅದರಲ್ಲಿ ಸಂದಿಯಿಲ್ಲ, ಗೊಂದಿಯಿಲ್ಲ, ಉಜ್ಜಿದರೆ ಪೂರ್ತಿ ಸ್ವಚ್ಛ.

ಬಾಟಲಿಯನ್ನೇ ಬಳಸುವವರು ಎಲ್ಲ ಭಾಗಗಳನ್ನು ಬಿಡಿಸಿ. ಸೋಪು ನೀರು, ಬ್ರಷ್ಷಿನಿಂದ ಉಜ್ಜಿ, ನಿಪ್ಪಲ್ಲನ್ನು ಒಳಮೈ ಹೊರಗೆ ಮಾಡಿ ತೊಳೆದು, ರಂಧ್ರದ ಮೂಲಕ ನೀರು ಹಿಂಡಿ. ನಂತರ ಪಾತ್ರೆಯಲ್ಲಿ ಪೂರ್ತಿ ಮುಳುಗುವಂತೆ ನೀರು ಹಾಕಿ, ಮೇಲೆ ತೇಲಿದರೆ ಒಂದು ಸ್ಟೀಲ್ ತಟ್ಟೆ ಒತ್ತಿಟ್ಟು, ಕುದಿ ಬಂದ ಮೇಲೆ ಐದರಿಂದ ಹತ್ತು ನಿಮಿಷ ಬಿಡಿ. ನೀರು ಬತ್ತಿ ನಿಪ್ಪಲ್ ತಳ ಹಿಡಿಯಲು ಬಿಡಬೇಡಿ. ಹಲ್ಲು ಬರುವ ಮಗು ನಿಪ್ಪಲ್ಲನ್ನು ಕಚ್ಚಿ ಸೀಳುತ್ತದೆ, ತುಂಡು ಗಂಟಲಿಗೆ ಹೋಗಬಹುದು. ದಿನವೂ ಎಳೆದು ನೋಡಿ, ಸೀಳು ಕಂಡರೆ, ಅಂಟಂಟಾದರೆ ಅವತ್ತೇ ಎಸೆಯಿರಿ. ಚೀಪುವ ನಿಪ್ಪಲ್, ಹಲ್ಲು ಉಜ್ಜುವ ಬೆರಳು ಬ್ರಷ್‌ಗೂ ಇದೇ ನಿಯಮ.

ಅಳುವ ಮಗುವಿನ ಬಾಯಿಗೆ ನಿಪ್ಪಲ್ಲನ್ನು ಜೇನಿನಲ್ಲಿ ಅದ್ದಿ ಇಡುವವರಿದ್ದಾರೆ. ಜೇನು ಇಲ್ಲದ ಯುನಾನಿ ಔಷಧಿ ಕೋಣೆಯನ್ನು ನಾನು ಕಲ್ಪಿಸಿಕೊಳ್ಳಲಾರೆ, ನಮ್ಮ ಮಾಜೂನ್‌ಗಳ ಪ್ರಾಣವೇ ಅದು. ಆದರೂ ಹೇಳುತ್ತೇನೆ, ಒಂದು ವರ್ಷ ತುಂಬುವವರೆಗೆ ಬೇಡ. ಜೇನಿನಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜ ದೊಡ್ಡವರ ಕರುಳಿನಲ್ಲಿ ಏನೂ ಮಾಡುವುದಿಲ್ಲ, ಹಸುಗೂಸಿನಲ್ಲಿ ಮೊಳೆತು ಸ್ನಾಯುಗಳನ್ನು ನಿಶ್ಚಲಗೊಳಿಸಬಲ್ಲದು.

ಆ ತಾಯಿ ಕಳೆದ ತಿಂಗಳು ಮತ್ತೆ ಬಂದಿದ್ದಳು, ಲಸಿಕೆ ಹಾಕಿಸಿಕೊಂಡು ಹೋಗುವ ದಾರಿಯಲ್ಲಿ. ಮಗು ಗುಂಡಗುಂಡಗೆ ಆಗಿದೆ. ಹಗಲಿಗೆ ಒಳಲೆ, ರಾತ್ರಿಗೆ ಎದೆಹಾಲು, ಪ್ರಯಾಣಕ್ಕೆ ಮಾತ್ರ ಬಾಟಲಿ ಎಂದಳು. ಈಗ ನಿಪ್ಪಲ್ಲನ್ನು ಕುದಿಸುವುದು ಅತ್ತೆಯ ಜವಾಬ್ದಾರಿಯಂತೆ, ಗಡಿಯಾರ ನೋಡಿಕೊಂಡು ಕುದಿಸುತ್ತಾರಂತೆ. ಬಾಗಿಲವರೆಗೆ ಹೋದ ಅತ್ತೆ ತಿರುಗಿ ನಿಂತು, "ಡಾಕ್ಟ್ರೇ, ಆ ಮೇಲಿನ ಮುಚ್ಚಳವನ್ನೂ ಕುದಿಸಬೇಕಾ?" ಎಂದರು.

ಹೌದು ಉಮ್ಮಾ, ಮುಚ್ಚಳವನ್ನೂ.